ತಾಂಬರಂ ಬೋರಿನ ಚಿನ್ನ

ತಾಂಬರಂನಿಂದ ಬೆಳಗಿನ ಎಲೆಕ್ಟ್ರಿಕ್ ಟ್ರೈನ್ ಹತ್ತಿದೆವು. ಎಗ್ಮೋರಿಗೆ ಹತ್ತು ರೂಪಾಯಿ ಟಿಕೆಟ್ಟು, ಮೈಯೆಲ್ಲ ಬೆವರು. ಚಿಕ್ಕಪ್ಪನ ತೊಡೆಯ ಮೇಲೆ ಒದ್ದೆ ಕಲ್ಲುಪುಡಿಯ ಚೀಲ. ಹಿಂದಿನ ದಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್ ಕೊರೆಯುವಾಗ ಪುಡಿಯಲ್ಲಿ ಹಳದಿ ಮಿಂಚು ಕಂಡದ್ದೇ, ಸಂಘದ ಅಧ್ಯಕ್ಷರಾದ ಅವರು ಯಂತ್ರ ನಿಲ್ಲಿಸಿಬಿಟ್ಟಿದ್ದರು. ಯಾರ ಕಣ್ಣಿಗೂ ಬೀಳದಿರಲೆಂದು ಪುಡಿಯ ರಾಶಿಗೆ ತಮ್ಮ ಪಂಚೆಯನ್ನೇ ಹೊದಿಸಿದ್ದರು. ಯಂತ್ರದವರೋ ಇವತ್ತು ಸಂಜೆಗೆ ಬೇರೆ ಕಡೆ ಹೊರಡುವವರು. ನಮ್ಮ ನಲ್ಲಿಗಳಲ್ಲಿ ವಾರದಿಂದ ಬರೀ ಗಾಳಿ.

"ಇವತ್ತು ನಲ್ಲೀಲಿ ತಣ್ಣಿ ಬರಲಿಲ್ಲಾಂದ್ರೆ ನಿಮ್ಮ ಚಿನ್ನದಲ್ಲೇ ಸ್ನಾನ ಮಾಡ್ಕೊಳ್ಳಿ" ಎಂದು ಚಿಕ್ಕಮ್ಮ ಬಾಗಿಲಲ್ಲೇ ಹೇಳಿ ಕಳಿಸಿದ್ದರು. ನನಗೆ ಚಿಕ್ಕಪ್ಪನ ಮೇಲೆ ಸಿಟ್ಟೂ ಇತ್ತು, ಪಾಪವೂ ಅನಿಸುತ್ತಿತ್ತು.

ಎಗ್ಮೋರಿನಲ್ಲಿ ಮೆಟ್ರೋ ಹಿಡಿಯಬೇಕು. ತಪಾಸಣೆಯವನು "ಎನ್ನ ಸಾರ್ ಇದು?" ಎಂದ. ಚಿಕ್ಕಪ್ಪ ಚೀಲ ತಬ್ಬಿಕೊಂಡು "ಕೋವಿಲ್ ಮಣ್ಣು" ಎಂದುಬಿಟ್ಟರು. ಪಾಪ, ಅವನು ದೇವಸ್ಥಾನದ ಮಣ್ಣೆಂದು ನಂಬಿ ಚೀಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಅದನ್ನು ಎಕ್ಸ್‌ರೇ ಯಂತ್ರದೊಳಗೂ ಕಳಿಸಿದ.

ಅಣ್ಣಾ ನಗರದಲ್ಲಿ ನನಗೆ ಭೂವಿಜ್ಞಾನ ಕಲಿಸಿದ ಮೇಡಂ ಇದ್ದಾರೆ, ಕೋಲಾರದ ಕಡೆಯವರು. ಫಿಲ್ಟರ್ ಕಾಫಿ ಕೊಟ್ಟು, ಹಳದಿ ಚೂರೊಂದನ್ನು ಪಿಂಗಾಣಿ ಟೈಲಿನ ಒರಟು ಬೆನ್ನಿಗೆ ಉಜ್ಜಿದರು. ಕಪ್ಪು ಗೆರೆ ಬಿತ್ತು.

"ಚಿನ್ನ ಅಲ್ಲ ಸಾರ್. ಚಿನ್ನ ಆಗಿದ್ರೆ ಹಳದಿ ಗೆರೆ ಬೀಳ್ತಿತ್ತು. ಇದು ಕಬ್ಬಿಣ, ಗಂಧಕ ಸೇರಿದ್ದು."

ಚಿಕ್ಕಪ್ಪನ ಮುಖ ಇಳಿದುಹೋಯಿತು. "ಮತ್ತೆ ಚಿನ್ನ ಹೇಗಾಗತ್ತೆ?"

"ಆಳದಲ್ಲಿ ಕುದಿಯೋ ಹಾಗಿರೋ ಬಿಸಿನೀರು ಬಂಡೆಗಳಲ್ಲಿರೋ ಚೂರುಪಾರು ಚಿನ್ನ ಕರಗಿಸ್ಕೊಂಡು ಬಿರುಕುಗಳಲ್ಲಿ ಮೇಲೇರತ್ತೆ. ಒತ್ತಡ ಇಳಿದು ತಣ್ಣಗಾದ ಕಡೆ ಬಿಳಿ ಬೆಣಚುಕಲ್ಲಿನ ಜೊತೆ ಅದನ್ನ ಬಿಟ್ಟುಹೋಗತ್ತೆ. ಹೀಗೆ ಮತ್ತೆ ಮತ್ತೆ ಹರಿದ್ರೇನೇ ಗಣಿ ತೋಡೋವಷ್ಟು ಸೇರೋದು."

"ಎಷ್ಟು ಕಾಲ ಬೇಕು?"

"ಸಾವಿರಾರು, ಲಕ್ಷಾಂತರ ವರ್ಷ."

"ಸಂಘದಲ್ಲಿ ನನ್ನ ಅವಧಿ ಎರಡೇ ವರ್ಷ" ಎಂದರು ಚಿಕ್ಕಪ್ಪ.

ಮೇಡಂ ಬಿಳಿ ಚೂರುಗಳನ್ನು ಆರಿಸಿಕೊಂಡರು. "ಬೆಣಚುಕಲ್ಲು ಇದೆ ಅಂದ್ರೆ ಅಲ್ಲಿ ಬಂಡೆ ಬಿರುಕು ಬಿಟ್ಟಿತ್ತು ಅಂತ ಅರ್ಥ. ಈಗಲೂ ಅದರಲ್ಲಿ ನೀರು ಇರಬಹುದು. ಅಂಥಾ ಜಾಗದಲ್ಲಿ ಯಾಕ್ರೀ ನಿಲ್ಲಿಸಿದ್ರಿ?"

ಚಿಕ್ಕಪ್ಪ ಮನೆಗೆ ಫೋನ್ ಮಾಡಿದರು. "ಅಧ್ಯಕ್ಷನ ಆಜ್ಞೆ ಅಂತ ಹೇಳು, ಕೂಡಲೇ ಕೊರೆಯಲಿ!"

ಆ ಕಡೆ ಗದ್ದಲವೋ ಗದ್ದಲ. ಚಿಕ್ಕಮ್ಮ ಕೂಗಿ ಹೇಳಿದ್ದು ನಮಗೂ ಕೇಳಿತು: "ನೀವು ಸ್ಟೇಷನ್ನಿಗೆ ಹೋದ ಕೂಡ್ಲೇ ಶುರು ಮಾಡಿಸ್ದೆ ರೀ! ನೀರು ಬಂದಾಯ್ತು, ಎಲ್ಲಾರೂ ನೆಂದಾಯ್ತು. ಬರ್ತಾ ಒಂದು ಬಕೆಟ್ ತನ್ನಿ!"

ಸಂಜೆಯ ಟ್ರೈನಿನಲ್ಲಿ ಚಿಕ್ಕಪ್ಪ ಹೊಸ ಬಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಪಲ್ಲಾವರಂ ದಾಟುವಷ್ಟರಲ್ಲಿ ಪಕ್ಕದವರಿಗೆ ತಮಿಳಿನಲ್ಲಿ ಚಿನ್ನ ಹುಟ್ಟುವ ಬಗೆಯನ್ನು ವಿವರಿಸತೊಡಗಿದ್ದರು: "ಮೊದಲು ನೀರು ಬರಬೇಕು ಸಾರ್. ಅದನ್ನ ನಾವು ಇವತ್ತು ಮುಗಿಸಿದ್ದೀವಿ."