ಮಗಳಿಗೆ ಇತಿಹಾಸ ಹುಡುಕಿದ್ದು

ಅವರೆಕಾಳು ಹಿತುಕುತ್ತ ಕುಳಿತಿದ್ದಾಗ ಫೋನ್ ಬಂತು. ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿದೆ. ಮಗಳು, ಹುಣಸೂರಿನಿಂದ. ಅಪ್ಪನ ಜೊತೆ ಸೈಬರ್ ಅಂಗಡಿಗೆ ಹೋಗಿ ಹತ್ತನೇ ತರಗತಿ ಫಲಿತಾಂಶ ನೋಡಿದ್ದಳು.

"ಅಮ್ಮ, ಈ ಸಲ ಸಮಾಜನೂ ಪಾಸು ಕಣಮ್ಮ."

ಶಿವನೇ ಎಂದು ಗೋಡೆಗೆ ಒರಗಿದೆ.

ಉಬ್ಬಸದ ಮಗು. ಬಸ್ಸಿನ ಧೂಳು ತಡೆಯದೆ ತಿಂಗಳಿಗೆ ಹತ್ತು ದಿನ ಮಲಗುತ್ತಿದ್ದಳು. ಹಾಗಾಗಿ ಏಳನೇ ತರಗತಿ ಮುಗಿದ ಮೇಲೆ ಶಾಲೆ ಬಿಡಿಸಿ ಮನೆಯಲ್ಲೇ ಓದಿಸಿ, ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿಸಿದೆ. ವಿಜ್ಞಾನಕ್ಕೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೆಪ್ಪು ಹಾಕಿದ ಹಾಲಿಗೆ ಜ್ವರ ನೋಡುವ ಥರ್ಮಾಮೀಟರ್ ಅದ್ದಿ ಬೈಸಿಕೊಂಡವಳು ಅವಳು. ಇತಿಹಾಸ ಮಾತ್ರ ಬೇಡ. ಹೋದ ಸಲ ಅದರಿಂದಲೇ ಸಮಾಜದಲ್ಲಿ ಫೇಲಾದಳು. ಅದು ಪಾಸಾಗದೆ ಪಿಯುಸಿ ವಿಜ್ಞಾನಕ್ಕೆ ಸೇರುವಂತಿರಲಿಲ್ಲ. ಸ್ಕೂಲು ಬಿಡಿಸಿ ಮಗುವಿನ ಬಾಳು ಕೆಡಿಸಿದಳು ಎಂದು ಬೀದಿಯಲ್ಲಿ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು.

ಗೈಡು ತಂದೆ. ಬಾಯಿಪಾಠ ಮಾಡಿ ವಾರದಲ್ಲಿ ಮರೆತಳು. ರಾಜರ ಚಿತ್ರಕಥೆಯ ಪುಸ್ತಕ ತಂದೆ. ಎರಡು ಪುಟ ಓದಿ, "ರಾಜ ಮನ್ಸಲ್ಲಿ ಏನಂದ್ಕೊಂಡ ಅಂತ ಇವ್ರಿಗೆ ಹೆಂಗ್ ಗೊತ್ತಾಯ್ತು?" ಎಂದಳು.

ಕೆ.ಆರ್. ನಗರದಲ್ಲಿರುವ ನನ್ನ ಅಣ್ಣ ನಿವೃತ್ತ ಮೇಷ್ಟ್ರು. ಅವನ ಹತ್ತಿರ ಫೋನಿನಲ್ಲಿ ಅತ್ತುಕೊಂಡೆ.

"ಅವಳಿಗೆ ಕತೆ ಕೊಡಬ್ಯಾಡ ಕಣವ್ವ, ಸಾಕ್ಷಿ ಕೊಡು. ನಿಮ್ಮ ಹೊಲದ ಬದೀಲಿ ಅಕ್ಷರದ ಕಲ್ಲು ಅದಲ್ಲ, ಬಂದಾಗ ಬೆರಳಾಡ್ಸಿ ನೋಡಿದ್ದೆ, ಅಲ್ಲಿಂದ ಸುರು ಮಾಡು," ಎಂದ.

ಅಕ್ಷರವೇ? ಮದುವೆಯಾಗಿ ಬಂದಾಗಿನಿಂದ ಆ ಕಲ್ಲಿಗೆ ಸೋಮವಾರ ಸೋಮವಾರ ಎಣ್ಣೆ ಬಿಟ್ಟು ಅರಿಸಿನ ಹಚ್ಚುತ್ತಿದ್ದೇನೆ. ನಮ್ಮತ್ತೆಯೂ ಅವರತ್ತೆಯೂ ಹಚ್ಚಿದವರೇ. ಜಿಡ್ಡಿನ ಮೇಲೆ ಜಿಡ್ಡು ಕೂತು ಕಲ್ಲು ಕರಿಯ ಹಲಗೆಯಂತಾಗಿತ್ತು. ಓದಬೇಕಾದ್ದನ್ನು ನಾವೇ ಭಕ್ತಿಯಿಂದ ಮುಚ್ಚಿಟ್ಟಿದ್ದೆವು.

ಕೆರೆದರೆ ತಪ್ಪಾದೀತೆಂದು ನನಗೆ ಭಯ. ಅಳುಕುತ್ತಲೇ ಅತ್ತೆಯನ್ನು ಕೇಳಿದೆ. ಅವರು ಎಲೆ ಮಡಿಸುತ್ತ, "ದೇವ್ರ ಮೈ ಕೆರೀಬ್ಯಾಡ. ಸೀಗೆಪುಡಿ ಹಾಕಿ ತಲೆಗೆ ಎರೆಯಂಗೆ ಎರಿ. ನಾವು ಬರೀ ಎಣ್ಣೆ ಹಚ್ಚುದ್ವಿ, ನೀರು ಯಾರು ಹಾಕುದ್ರು?" ಎಂದರು.

ಬಿಸಿನೀರು, ಸೀಗೆಪುಡಿ, ತೆಂಗಿನ ನಾರು. ಮೂರು ಸೋಮವಾರ ಉಜ್ಜಿದೆವು. ಒಣಗಿದ ಮೇಲೆ ಮಗಳು ಅಕ್ಕಿಹಿಟ್ಟು ಸವರಿದಳು. ಸಾಲು ಸಾಲಾಗಿ ಬಿಳಿಯ ಅಕ್ಷರಗಳು ಎದ್ದು ನಿಂತವು. ನನಗೆ ಕೈ ಜೋಡಿಸಲೇಬೇಕೆನಿಸಿತು, ಜೋಡಿಸಿದೆ. ಫೋಟೋ ನೋಡಿ ಅಣ್ಣ ಬಿಡಿಸಿ ಹೇಳಿದ: ಕಳ್ಳರಿಂದ ಊರ ದನಗಳನ್ನು ಬಿಡಿಸಿ ತರುವಾಗ ಒಬ್ಬ ಸತ್ತ, ಅವನ ಹೆಂಡತಿಗೆ ಹೊಲ ಬಿಟ್ಟುಕೊಟ್ಟರು.

ಮಗಳು ಮೆಲ್ಲಗೆ, "ಹೊಲ ಸಿಕ್ತು ಸರಿ. ಅವಳು ಒಬ್ಬಳೇ ಹೆಂಗ್ ಉತ್ತಳು?" ಎಂದಳು.

ಅಂದಿನಿಂದ ಪುಸ್ತಕ ಆರಿಸುವುದು ಸುಲಭವಾಯಿತು. ಇದು ಹೇಗೆ ಗೊತ್ತಾಯಿತೆಂದು ಹೇಳುವ ಪುಸ್ತಕವಾದರೆ ಮನೆಗೆ ತರುತ್ತಿದ್ದೆ, ಇಲ್ಲವಾದರೆ ಅಲ್ಲೇ ಇಟ್ಟು ಬರುತ್ತಿದ್ದೆ. ಹುಣಸೂರಿನ ಗ್ರಂಥಾಲಯದಲ್ಲಿ ಶಾಸನಗಳ ಹಳೆಯ ಪುಸ್ತಕವೊಂದು ಸಿಕ್ಕಿತು. ಹಳೆಯ ಲಿಪಿಗಳ ಪಟವನ್ನು ಅಣ್ಣ ಕಳಿಸಿದ. ಅದೇ ಗೈಡನ್ನು ಮಗಳು ಮತ್ತೆ ತೆರೆದು, ಅಂಚಿನಲ್ಲಿ ಪೆನ್ಸಿಲಿನಿಂದ 'ಸಾಕ್ಷಿ ಏನು?' ಎಂದು ಬರೆಯುತ್ತ ಓದಿದಳು. ಹಾಗೆ ಓದಿದ್ದು ನೆನಪಿನಲ್ಲಿ ಉಳಿಯಿತು.

ಪುಸ್ತಕ ಸಿಕ್ಕಿದ್ದು, ಅತ್ತೆ ಅಡ್ಡ ಬರದಿದ್ದದ್ದು, ಪರೀಕ್ಷೆಯ ದಿನ ಉಬ್ಬಸ ಏಳದಿದ್ದದ್ದು, ಎಲ್ಲವೂ ಶಿವನ ಕೃಪೆ. ಫೋನ್ ಇಟ್ಟು ಒಳಗೆ ಹೋಗಿ ದೀಪ ಹಚ್ಚಿದೆ. ಅತ್ತೆಗೆ ವಿಷಯ ಹೇಳಿದೆ.

ಅವರು ಕಣ್ಣೊರೆಸಿಕೊಂಡು, "ಬೆಳಗ್ಗೆಯಿಂದ ಏನಾರ ಉಂಡವಳಾ ಮಗ?" ಎಂದು ಕೇಳಿದರು.

ಅಪ್ಪ ಮಗಳು ಒಂದು ಗಂಟೆಯ ಬಸ್ಸಿಗೆ ಬರುವವರು. ಮುದ್ದೆಗೆ ಎಸರಿಟ್ಟೆ.