ಚಾಚಾ ತೆಗೆಸಿದ ಇನ್ನೊಂದು ಟಿಕೀಟು

ಅವರ ಹತ್ತೂ ಬೆರಳು ಮುಂಗೈವರೆಗೆ ನೀಲಿ. ಹಬ್ಬಕ್ಕೆ ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಬಣ್ಣ ಉಳಿದೇ ಇರುತ್ತಿತ್ತು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಸೀರೆ ನೇಯುವವರಿಗೆ ನೂಲು ಬಣ್ಣಕ್ಕೆ ಅದ್ದಿ ಕೊಡುವುದು ಅವರ ಕೆಲಸ. ನಮಗೆಲ್ಲ ಅವರು ಬಣ್ಣದ ಚಾಚಾ. ಅವರ ತಂದೆ ತಾಯಿ ಇಬ್ಬರಿಗೂ ಕಿವಿ ಕೇಳಿಸದು, ಮಾತು ಬಾರದು. ಹೀಗಾಗಿ ಚಾಚಾ ಬಾಯಿಗಿಂತ ಮೊದಲು ಕೈಯಲ್ಲಿ ಮಾತು ಕಲಿತವರು. ಹುಟ್ಟಿನಿಂದ ಕಿವಿ ಕೇಳಿಸದ ನನ್ನ ಮಗಳಿಗೂ ಅವರೇ ಕಲಿಸಿದರು. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಅವರಿಬ್ಬರ ಕೈಮಾತು ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ.

ಗಂಡನ ಮನೆಯವರು ಮಗಳನ್ನು ಹೊರಗೆ ಹಾಕಿ ಎಂಟು ತಿಂಗಳ ಕೂಸನ್ನು ತಾವೇ ಇಟ್ಟುಕೊಂಡರು. "ಕೂಸು ಅತ್ತರ ಇಕಿಗೆ ಕೇಳೂದಿಲ್ಲ, ಹ್ಯಾಂಗ ಜ್ವಾಕಿ ಮಾಡತಾಳ?" ಎಂಬುದು ಅವರ ಮಾತು. ಕೂಸು ಬೇಕೆಂದು ರೋಣದ ಕೋರ್ಟಿಗೆ ಹೋದೆವು. ಮಗಳ ಕೈಮಾತನ್ನು ಜಡ್ಜ್ ಸಾಹೇಬರಿಗೆ ತಿಳಿಸಿ ಹೇಳುವವರು ಬೇಕೆಂದಾಗ ನಾನು ಓಡಿದ್ದು ಚಾಚಾನ ಬಣ್ಣದ ಹಂಡೆಯ ಹತ್ತಿರ. ಸೆರಗಿನ ಗಂಟು ಬಿಚ್ಚಿ ರೊಕ್ಕ ಮುಂದೆ ಹಿಡಿದೆ.

"ಕಟ್ಕೊಳ್ರಿ ಅಕ್ಕಾರ. ನಿಮ್ಮ ರೊಕ್ಕ ತಗೊಂಡ್ರ ನನ್ನ ಮಾತು ನಿಮ್ಮ ಕಡಿ ಆತು ಅಂತಾರ. ಕರಸೂದು ಕೋರ್ಟು, ಭತ್ತೆನೂ ಕೋರ್ಟ ಕೊಡ್ಲಿ."

"ಕೊಡಲಿಲ್ಲಂದ್ರ?"

"ಕೊಡೂತನಕಾ ಕೇಳತೇನಿ."

ಅಂದಿನಿಂದ ನಮ್ಮ ಮನೆಯ ಚಹಾ ಕೂಡ ಮುಟ್ಟಲಿಲ್ಲ. ನನಗೆ ಸಿಟ್ಟೇ ಬಂತು. ಇಪ್ಪತ್ತು ವರ್ಷ ನಮ್ಮ ರೊಟ್ಟಿ ತಿಂದ ಮನುಷ್ಯ!

ವಿಚಾರಣೆಯ ದಿನ ಮೂವರೂ ಒಂದೇ ಬಸ್ಸು ಹತ್ತಿದೆವು. ಜೊತೆಗೆ ಹೊರಟವರ ಟಿಕೀಟು ತೆಗೆಸದಿದ್ದರೆ ನಮ್ಮ ಕಡೆ ಮರ್ಯಾದೆ ಉಳಿಯುವುದಿಲ್ಲ. ಕಂಡಕ್ಟರನಿಗೆ ಕಣ್ಣುಸನ್ನೆ ಮಾಡಿ ಮೂರು ತೆಗೆಸಿದೆ. ಹಿಂದೆ ಕೂತಿದ್ದ ಚಾಚಾಗೆ ಗೊತ್ತಾಗಿ, ತಮ್ಮ ರೊಕ್ಕ ಕೊಟ್ಟು ಮತ್ತೊಂದು ತೆಗೆಸಿದರು.

"ಮೂರು ಮಂದಿಗೆ ನಾಕು ಟಿಕೀಟು! ನಾಕನೇದು ಯಾರಿಗ್ರೀ, ದೆವ್ವಕ್ಕೇನು?" ಎಂದು ಕಂಡಕ್ಟರ್ ನಕ್ಕ. ನನಗೆ ಅಳು ಬಂತು.

ಕೋರ್ಟಿನಲ್ಲಿ ಚಾಚಾ "ಅವಳು ಹೀಗೆ ಹೇಳುತ್ತಾಳೆ" ಅನ್ನಲಿಲ್ಲ. ಅವಳ ಮಾತನ್ನು ಅವಳಾಗಿಯೇ ಆಡಿದರು. ಅಷ್ಟುದ್ದ ಗಡ್ಡದ ಗಂಡಸು "ನಾನು ಈ ಕೂಸಿನ ತಾಯಿ" ಎಂದಾಗ ಹಿಂದಿನ ಬೆಂಚಿನವರು ಕಿಸಕ್ಕೆಂದರು. ಚಾಚಾ ಮಗಳ ಕೈಯಿಂದ ಕಣ್ಣು ಕೀಳಲಿಲ್ಲ.

"ಮಲಗೂಮುಂದ ತೊಟ್ಟಿಲಕ್ಕ ದಾರಾ ಕಟ್ಟಿ, ಇನ್ನೊಂದು ತುದಿ ನನ್ನ ಮುಂಗೈಗೆ ಕಟ್ಕೋತಿದ್ನಿ. ಕೂಸು ಕಾಲು ಝಾಡಿಸಿದ್ರ ದಾರಾ ಜಗ್ಗತಿತ್ತು. ಅದು ಅಳೂಕಿಂತ ಮೊದಲ ನಾ ಏಳತಿದ್ನಿ."

ಕಿಸಕ್ಕೆಂದವರೇ ಮುಂದೆ ಬಾಗಿ ಮಗಳ ಕೈ ನೋಡತೊಡಗಿದರು.

ಎದುರಿನ ವಕೀಲರು ಎದ್ದರು. "ಒಂದ ಓಣಿಯವರು, ಒಂದ ಬಸ್ಸಿನ್ಯಾಗ ಬಂದೀರಿ. ನಿಮ್ಮ ಟಿಕೀಟು ಯಾರು ತಗಸಿದ್ರು?"

ನನ್ನ ಮರ್ಯಾದೆಯೇ ಕೂಸನ್ನು ಕಳೆಯಿತಲ್ಲ ಎಂದುಕೊಂಡೆ.

"ಅಕ್ಕಾರೂ ತಗಸಿದ್ರು, ನಾನೂ ತಗಸಿದೆ," ಎನ್ನುತ್ತ ಚಾಚಾ ಜೇಬಿನಿಂದ ತಾವು ತೆಗೆಸಿದ ಟಿಕೀಟು ತೆಗೆದು ತೋರಿಸಿದರು. "ನಾ ಕುಂತು ಬಂದದ್ದು ಇದರ ಮ್ಯಾಲ್ರಿ."

ಸಾಹೇಬರೇ ನಕ್ಕುಬಿಟ್ಟರು.

ಕೂಸು ನಮ್ಮ ಕೈಗೆ ಬಂತು! ಭತ್ತೆಗಾಗಿ ಮಾತ್ರ ಚಾಚಾ ಆಮೇಲೂ ಕೆಲಸ ಬಿಟ್ಟು ರೋಣಕ್ಕೆ ಅಲೆದರು. ಸಾಕು ಬಿಡ್ರಿ ಎಂದರೆ, "ನಾಳೆ ಮಾತು ಬರದಾಕಿ ಇನ್ನೊಬ್ಬಾಕಿ ಬರ್ತಾಳ. ಆಕಿ ಸೆರಗಿನ್ಯಾಗ ಗಂಟು ಇರಲಿಲ್ಲಂದ್ರ?" ಎಂದರು. ಭತ್ತೆ ಸಿಕ್ಕ ದಿನ ನೇರ ನಮ್ಮ ಮನೆಗೇ ಬಂದು ಕೂತು, "ಅಕ್ಕಾರ, ಈಗ ಹಾಕ್ರಿ ರೊಟ್ಟಿ" ಎಂದರು. ಏಳು ತಿಂದರು!

ಚಾಚಾ ಹೋದ ವರ್ಷ ತೀರಿಕೊಂಡರು. ಮೊಮ್ಮಗಳು ಈಗ ಒಂದನೇ ಇಯತ್ತೆ. ಬಾಯಲ್ಲಿ ನನ್ನ ಜೊತೆ, ಕೈಯಲ್ಲಿ ತಾಯಿಯ ಜೊತೆ, ಏನು ಚುರುಕು ಅಂತೀರಿ! ಮಗಳ ಮಾತು ನನಗೆ ತಿಳಿಯದಿದ್ದರೆ ನಡುವೆ ಬಂದು ಕೂತು ಹೇಳುತ್ತಾಳೆ. ಮೊನ್ನೆ ಹಾಗೆ ಹೇಳುತ್ತಿದ್ದಾಗಲೇ ಖುಷಿಗೆ ಬೆಲ್ಲದ ಚೂರು ಕೊಡಹೋದೆ. ಕೈ ಹಿಂದೆ ಕಟ್ಟಿಕೊಂಡಳು.

"ಮೊದಲ ಅವ್ವನ ಮಾತು ಮುಗೀಲಿ ಅಜ್ಜೀ. ಆಮ್ಯಾಲೆ ಎರಡು ಚೂರು ಕೊಡಬೇಕು ಮತ್ತ."

ನಾನು ಬೆರಗಾಗಿ ಮಗಳತ್ತ ನೋಡಿದೆ. ಅವಳು ನಗುತ್ತ ಗಾಳಿಯಲ್ಲೇ ಹತ್ತೂ ಬೆರಳು ಅದ್ದಿ ತೆಗೆದಳು. ಅವಳ ಕೈಮಾತಿನಲ್ಲಿ ಅದು ಚಾಚಾನ ಹೆಸರು.