ಸೀಮೆಸುಣ್ಣದ ಮೈಗೆ ಎಡೆ

ಪೌಷ್ಟಿಕ ಆಹಾರದ ಪಾಠಕ್ಕೆಂದು ನಮ್ಮ ಶಾಲೆಗೆ ಬಂದದ್ದು ಒಂದೇ ಒಂದು ಪಟ. ಅದರಲ್ಲಿ ಸೇಬು, ಚೀಸು, ಗಾಜಿನ ಲೋಟದ ತುಂಬ ಕಿತ್ತಳೆ ರಸ. ಮಳವಳ್ಳಿಯಿಂದ ಮುತ್ತತ್ತಿ ಕಡೆ ಹೋಗುವ ದಾರಿಯ ಆ ಹಳ್ಳಿಯಲ್ಲಿ ಮಕ್ಕಳು ತಿನ್ನುವುದು ಮುದ್ದೆ, ಹುರುಳಿ ಸಾರು, ಮಸ್ಸೊಪ್ಪು. ನನಗೆ ಮೈಯೆಲ್ಲ ಉರಿಯಿತು. ಪಟ ಸುತ್ತಿ ಬೀರುವಿನ ಮೇಲೆ ಎಸೆದೆ. ಮೂರನೇ ಕ್ಲಾಸಿನ ಒಬ್ಬ ಹುಡುಗಿಯನ್ನು ನೆಲದ ಮೇಲೆ ಮಲಗಿಸಿ, ಅವಳ ಮೈ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಆ ಗಲಾಟೆ ಹಿಂಡಿನಲ್ಲಿ ಅಲುಗಾಡದೆ ಮಲಗಬಲ್ಲವಳು ಅವಳೊಬ್ಬಳೇ.

ಮಕ್ಕಳು ಮನೆಯಿಂದ ತಂದ ರಾಗಿಯನ್ನು ಮೂಳೆ ಇರುವ ಕಡೆ ಸುರಿದರು, ಹುರುಳಿಕಾಳನ್ನು ತೋಳಿಗಿಟ್ಟರು, ನುಗ್ಗೆಸೊಪ್ಪನ್ನು ಎದೆಗೆ. ಬಿಸಿಯೂಟದ ಜೊತೆ ಕೊಡುವ ಮೊಟ್ಟೆಯಿಂದ ಮೈ ತುಂಬಿಕೊಳ್ಳುತ್ತದೆ, ಆದರೆ ಒಂದು ದಿನ ತಿಂದು ಬಿಟ್ಟರೆ ಸಾಲದು ಎಂದು ಹೇಳಿಕೊಟ್ಟೆ. ಪಾಠ ಚೆನ್ನಾಗಿ ನಡೆಯಿತೆಂದು ಮದ್ದೂರಿನ ಮನೆಗೆ ಬೀಗುತ್ತಲೇ ಹೋದೆ.

ಪಿತೃಪಕ್ಷ ಕಳೆದ ಮೇಲೆ ಇದು ಶುರುವಾಯಿತು. ಶಾಲೆಯ ಹಿಂದೆ ಗೋಡೆ ಬಿರಿದ ಹಳೇ ಕೊಠಡಿ ಇದೆ, ಮುರಿದ ಬೆಂಚು ಬಿಟ್ಟರೆ ಒಳಗೆ ಏನಿಲ್ಲ. ಒಂದು ಬೆಳಿಗ್ಗೆ ಸೌದೆಗೆಂದು ಅಲ್ಲಿಗೆ ಹೋದ ಅಡುಗೆಯಮ್ಮ ಬೆವರುತ್ತಾ ವಾಪಸು ಬಂದರು. ಹೋಗಿ ನೋಡಿದರೆ ನೆಲದ ಮೇಲೆ ಸೀಮೆಸುಣ್ಣದ ಇನ್ನೊಂದು ಮೈ. ಮಗುವಿನದಲ್ಲ, ದೊಡ್ಡ ಹೆಂಗಸಿನದು. ಮುಖವಿರಲಿಲ್ಲ. ದೊಡ್ಡ ಹುಡುಗರ ಕಿತಾಪತಿ ಎಂದು ಎಲ್ಲರಿಗೂ ಬೈದು, ಒದ್ದೆ ಗೋಣಿಚೀಲದಿಂದ ಒರೆಸಿದೆ. ಮಾರನೆಯ ದಿನ ಅದು ಮತ್ತೆ ಅಲ್ಲೇ ಇತ್ತು, ಸೊಂಟ ಕೊಂಚ ಅಗಲವಾಗಿತ್ತು. ಒರೆಸಿದಂತೆಲ್ಲ ಮರುದಿನ ತೋಳು, ತೊಡೆ ತುಂಬಿಕೊಂಡು ಬರುತ್ತಿತ್ತು. ಅದರ ತಾವ ನಾನಂತೂ ಓಗಕಿಲ್ಲ ಎಂದು ಅಡುಗೆಯಮ್ಮ ಕೈ ಕೊಡವಿಬಿಟ್ಟರು. ಅವರನ್ನು ನೋಡಿ ನಕ್ಕೆನೇನೋ ನಿಜ, ಆದರೆ ಆ ಬಾಗಿಲ ಚಿಲಕ ತೆಗೆಯುವ ಮುಂಚೆ ನಾನೂ ಗಟ್ಟಿಯಾಗಿ ಕೆಮ್ಮುತ್ತಿದ್ದೆ. ಹಾಡಹಗಲಲ್ಲೇ ನನಗೆ ಭಯವಾಗುತ್ತಿತ್ತು.

ಅದೇ ದಿನಗಳಲ್ಲಿ, ನಾನು ನೆಲಕ್ಕೆ ಮಲಗಿಸಿದ್ದ ಹುಡುಗಿ ಕಣ್ಣೆದುರೇ ಸೊರಗತೊಡಗಿದಳು. ಒಂದು ದಿನ ಪ್ರಾರ್ಥನೆಯಲ್ಲಿ ಕುಸಿದು ಬಿದ್ದಳು. ಎತ್ತಿಕೊಂಡರೆ ಖಾಲಿ ಚೀಲ ಎತ್ತಿದ ಹಾಗಾಯಿತು. ಅವಳ ತಾಯಿ ಮೈಯಲ್ಲಿ ರಕ್ತವಿಲ್ಲದೆ ಬಳಲಿ ಆ ವರ್ಷವೇ ತೀರಿಕೊಂಡಿದ್ದಳು. ಮಗು ದಿನಾ ಮೊಟ್ಟೆ ಇಸಿದುಕೊಳ್ಳುತ್ತದೆ ಎಂದು ಅಡುಗೆಯಮ್ಮ ಆಣೆ ಮಾಡಿ ಹೇಳಿದರು. ಹಾಗಿದ್ದರೆ ಅದು ಹೋಗುತ್ತಿರುವುದೆಲ್ಲಿಗೆ? ಹೀಗೇ ಬಿಟ್ಟರೆ ಇವಳೂ ತಾಯಿಯ ದಾರಿ ಹಿಡಿಯುತ್ತಾಳೆ.

ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಹಿಂದೆಯೇ ಹೋದೆ. ಮೊಟ್ಟೆಯನ್ನು ಲಂಗದಲ್ಲಿ ಮುಚ್ಚಿಕೊಂಡು ಆ ಕೊಠಡಿಗೆ ಹೋದಳು, ಬರಿಗೈಯಲ್ಲಿ ಹೊರಬಂದಳು. ಚಿಲಕ ಹಾಕಿ ಬಾಗಿಲಿಗೆ ಬೆನ್ನು ಮಾಡಿ ನಿಂತಳು. ನನಗೆ ಆಗ ಗೊತ್ತಾಯಿತು. ಪಿತೃಪಕ್ಷದಲ್ಲಿ ನಮ್ಮ ಕಡೆ ಮನೆಮನೆಯಲ್ಲೂ ಸತ್ತವರಿಗೆ ಎಡೆ ಇಟ್ಟು, ಅವರು ಸಂಕೋಚವಿಲ್ಲದೆ ಉಣ್ಣಲೆಂದು ಬಾಗಿಲು ಹಾಕಿ ಹೀಗೇ ಹೊರಗೆ ನಿಲ್ಲುತ್ತಾರೆ. ನಾನೂ ನಿಂತವಳೇ.

"ಸುಮ್ಕಿರಿ ಮಿಸ್, ಅವ್ವ ಉಣ್ತಾವ್ಳೆ" ಎಂದಳು.

ಒಳಗೆ ಏನೋ ಸರಿದ ಸದ್ದಾಯಿತು. ಹೆಗ್ಗಣವಿರಬೇಕು ಎಂದುಕೊಂಡೆ, ತೋಳಿನ ಕೂದಲು ಮಾತ್ರ ನಿಮಿರಿ ನಿಂತಿತ್ತು. ಹಬ್ಬ ಮುಗಿಯಿತಲ್ಲ, ಈಗ ಏಕೆ ಎಡೆ ಎಂದು ಪಿಸುದನಿಯಲ್ಲೇ ಕೇಳಿದೆ.

"ನೀವೇ ಯೋಳಿದ್ರಲ್ಲಾ ಮಿಸ್, ದಿನಾ ತಿನ್ಬೇಕು ಅಂತ. ವರ್ಸಕ್ಕೊಂದ್ಸಲ ಇಕ್ಕುದ್ರೆ ಅವ್ವನ ಮೈ ಎಂಗೆ ತುಂಬ್ತದೆ?"

ಬೆಳಿಗ್ಗೆ ಬಂದು ನೋಡಿದರೆ ಮೊಟ್ಟೆ ಇರುವುದಿಲ್ಲವಂತೆ. ಉಂಡವಳು ದಪ್ಪವಾಗಲೇಬೇಕಲ್ಲ ಎಂದು ಇವಳು ಗೆರೆಯನ್ನು ಒಂದಿಷ್ಟು ಅಗಲ ಮಾಡಿ ಬರೆಯುತ್ತಾಳಂತೆ. ಸತ್ತವರು ಉಣ್ಣುವುದಿಲ್ಲ ಎಂದು ನಾನು ಯಾವ ಬಾಯಿಂದ ಹೇಳಲಿ? ಬಾಗಿಲು ತೆಗೆದೆ. ಎಲೆಯ ಮೇಲಿಟ್ಟ ಮೊಟ್ಟೆ ಉರುಳಿ, ನಾನು ಅಂದು ಒರೆಸದೆ ಬಿಟ್ಟಿದ್ದ ಆ ಸೀಮೆಸುಣ್ಣದ ಹೆಂಗಸಿನ ಬಲಗೈ ಹತ್ತಿರ ಬಂದು ನಿಂತಿತ್ತು.

ಮೊಟ್ಟೆಯನ್ನು ಎತ್ತಿ ತಂದು, ಮನೆಯಲ್ಲಿ ಬಾಗಿಲು ತೆಗೆದ ಮೇಲೆ ಎಡೆಯನ್ನು ಯಾರು ಉಣ್ಣುತ್ತಾರೆ ಎಂದು ಕೇಳಿದೆ. ನಾವೇ ಎಂದಳು. ಹಾಗಾದರೆ ಇದನ್ನೂ ನೀನೇ ತಿನ್ನಬೇಕು, ಮಕ್ಕಳು ಉಂಡರೇ ಅವರಿಗೆ ತೃಪ್ತಿ, ಆಮೇಲೆ ನೆಮ್ಮದಿಯಿಂದ ಹೊರಡುತ್ತಾರೆ ಎಂದೆ.

"ನಾನ್ ತಿಂದ್ರೆ ಅವ್ವ ಒಂಟೋಗ್ಬುಡ್ತಾಳಾ?"

ಹೂಂ ಎಂದೆ. ಅವಳು ಸಿಪ್ಪೆ ಬಿಡಿಸಿದಳು. ಒಳಗಿನ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು.

"ಅಂಗಾರೆ ಅರ್ದ ತಿಂತೀನಿ ಮಿಸ್."

ಅರ್ಧವನ್ನು ನಿಧಾನವಾಗಿ ಅಗಿದು ನುಂಗಿದಳು. ಉಳಿದರ್ಧವನ್ನು ಒಳಗೊಯ್ದು ಎಲೆಯ ಮೇಲಿಟ್ಟು ಬಂದು, ಮತ್ತೆ ಚಿಲಕ ಹಾಕಿದಳು. ತಟ್ಟೆಯಲ್ಲಿ ಒಂದಗುಳು ಬಿಟ್ಟರೂ ಕಿರುಚುವ ನಾನು, ಅವಳ ಪಕ್ಕದಲ್ಲಿ ಬಾಗಿಲಿಗೆ ಬೆನ್ನು ಮಾಡಿ ನಿಂತೆ.